ಪೋರ್ಟ್ರೇಟ್‌ಗೆ ಕ್ಯಾಮೆರಾ: ಕಣ್ಣನ್ನು ಹಿಡಿದು ಬಿಡದಿರಬೇಕು

ಪೋರ್ಟ್ರೇಟ್‌ಗೆ ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಫೋಕಸ್ ಪಾಯಿಂಟ್, ಅಂದರೆ ಕ್ಯಾಮೆರಾ ಫೋಕಸ್ ಹಿಡಿಯಬಲ್ಲ ಜಾಗಗಳು, ಎಷ್ಟಿವೆ ಅಂತ. ಆ ಲೆಕ್ಕ ನೋಡಿ ಆರಿಸಬೇಡಿ. ನಿಮಗೆ ಬೇಕಾದ ಜಾಗ ಒಂದೇ, ಕ್ಯಾಮೆರಾಗೆ ಹತ್ತಿರವಿರುವ ಕಣ್ಣು. ಅದನ್ನು ಹಿಡಿದು ಬಿಡದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಅದರ ವೇಗಕ್ಕೆ ಹೊಂದುವ ಲೆನ್ಸ್, ಎರಡೂ ಒಟ್ಟಿಗೆ ಬೇಕು.

ಫುಲ್ ಫ್ರೇಮ್ ಕ್ಯಾಮೆರಾ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವಂಥದ್ದು), 85 ಎಂಎಂ ಲೆನ್ಸ್, ಅಪರ್ಚರ್ ಎಫ್/1.4 (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು), ದೂರ ಒಂದೂವರೆ ಮೀಟರ್. ಇಷ್ಟಾದರೆ ಶಾರ್ಪ್ ಆಗಿ ಬರುವ ಆಳ ಸುಮಾರು 2.5 ಸೆಂಟಿಮೀಟರ್ ಮಾತ್ರ. ಮೂಗಿನ ತುದಿಗೆ ಫೋಕಸ್ ಕೂತರೆ ಕಣ್ಣು ಹೋಯಿತು ಅಂತಲೇ ಅರ್ಥ. ಎದುರಿಗಿರುವವರು ಸುಮ್ನೆ ನಿಂತಿದ್ದರೂ ಸ್ವಲ್ಪ ಹಿಂದೆ ಮುಂದೆ ಆಗುತ್ತಲೇ ಇರುತ್ತಾರೆ. ಹಾಗಾಗಿ ಫೋಕಸ್ ಲಾಕ್ ಮಾಡಿ ಆಮೇಲೆ ಫ್ರೇಮ್ ಬದಲಿಸುವ ಹಳೆಯ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಬಿಡದೆ ಫೋಕಸ್ ಸರಿಪಡಿಸುತ್ತಿರುವ ಕಂಟಿನ್ಯುಯಸ್ ಫೋಕಸ್ ಜೊತೆಗೆ ಕಣ್ಣನ್ನು ಗುರುತಿಸುವ ಐ ಡಿಟೆಕ್ಷನ್ ಇದ್ದರೆ ಕ್ಯಾಮೆರಾ ತಾನೇ ಹಿಂಬಾಲಿಸುತ್ತದೆ.

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ತೆಗೆಯುವಾಗ ಫೋಕಸ್ ಅಳೆಯುವುದು ಬೇರೆಯೇ ಒಂದು ಸೆನ್ಸರ್. ಅದಕ್ಕೂ ಚಿತ್ರ ಮೂಡುವ ಸೆನ್ಸರ್‌ಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫ್ರಂಟ್ ಫೋಕಸ್, ಬ್ಯಾಕ್ ಫೋಕಸ್ ಶುರುವಾಗುತ್ತದೆ, ಅಂದರೆ ಫೋಕಸ್ ಬೇಕಾದ ಜಾಗಕ್ಕಿಂತ ಮುಂದೆಯೋ ಹಿಂದೆಯೋ ಕೂರುತ್ತದೆ. ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಅಳೆಯುವುದೂ ತೆಗೆಯುವುದೂ ಒಂದೇ ಸೆನ್ಸರ್. ಹೊಸಬರಿಗೆ ನಾನು ಮಿರರ್‌ಲೆಸ್ ಅಂತಲೇ ಹೇಳುತ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾದರಿಯ ಚರಿತ್ರೆ ನೋಡಿ. ನಿಕಾನ್ ಝಡ್ 6, ಝಡ್ 7 ಬಂದದ್ದು 2018ರಲ್ಲಿ. ಅವಕ್ಕೆ ಐ ಡಿಟೆಕ್ಷನ್ ಸೇರಿದ್ದು 2019ರ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್). ಪ್ಯಾನಸೋನಿಕ್‌ನ ಫುಲ್ ಫ್ರೇಮ್ ಬಾಡಿಗಳಿಗೆ ಪಿಡಿಎಎಫ್ (ಫೋಕಸ್ ಯಾವ ಕಡೆಗೆ, ಎಷ್ಟು ಸರಿಯಬೇಕು ಅಂತ ನೇರವಾಗಿ ಅಳೆಯುವ ಫೇಸ್ ಡಿಟೆಕ್ಷನ್ ವಿಧಾನ) ಬಂದದ್ದು 2023ರ ಎಸ್5 II ಮಾದರಿಯಿಂದ. ಅದಕ್ಕೂ ಹಿಂದಿನವು ಕಾಂಟ್ರಾಸ್ಟ್, ಅಂದರೆ ಚಿತ್ರದ ಅಂಚುಗಳು ಎಷ್ಟು ಸ್ಪಷ್ಟ ಅಂತ ನೋಡಿಯೇ ಫೋಕಸ್ ಹುಡುಕುತ್ತಿದ್ದವು.

ಹಳೆಯ ಲೆನ್ಸ್ ಇದೆ, ಅಡಾಪ್ಟರ್ ಹಾಕಿಕೊಳ್ಳೋಣ ಅನ್ನುವವರು ಇನ್ನೂ ಹುಷಾರಾಗಿರಬೇಕು. ಕ್ಯಾನನ್‌ನ ಡಿಎಸ್‌ಎಲ್‌ಆರ್ ಕಾಲದ ಇಎಫ್ ಲೆನ್ಸ್‌ಗಳು ಅದರ ಮಿರರ್‌ಲೆಸ್ ಆರ್‌ಎಫ್ ಬಾಡಿಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಹಳೆಯ ಲೆನ್ಸನ್ನು ಝಡ್ ಬಾಡಿಗೆ ಜೋಡಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ತಿರುಗಿಸುವ ಮೋಟಾರ್ ಇಲ್ಲ. ಹಾಗಾಗಿ ತನ್ನೊಳಗೆ ಮೋಟಾರ್ ಇಲ್ಲದ 85 ಎಂಎಂ ಎಫ್/1.4 ಡಿಯಂಥ ಒಳ್ಳೆಯ ಪೋರ್ಟ್ರೇಟ್ ಲೆನ್ಸ್ ಕೂಡ ಝಡ್ ಬಾಡಿ ಮೇಲೆ ಬರೀ ಮ್ಯಾನುಯಲ್ ಫೋಕಸ್ ಲೆನ್ಸ್ ಆಗಿಬಿಡುತ್ತದೆ.

ಕತ್ತಲಲ್ಲೂ ಫೋಕಸ್ ಮಾಡುತ್ತದೆ ಅನ್ನುವ ಅಂಕಿ ಯಾವ ಲೆನ್ಸ್ ಹಾಕಿ ಕೊಟ್ಟದ್ದು ಅಂತಲೂ ಓದಿ. ಕ್ಯಾನನ್ ಆರ್6ಗೆ ಹೇಳುವ ಮೈನಸ್ 6.5 ಇವಿ (ಬೆಳಕಿನ ಮಟ್ಟದ ಅಳತೆ, ಮೈನಸ್ ಹೆಚ್ಚಾದಷ್ಟೂ ಕತ್ತಲು), ಎಫ್/1.2 ಲೆನ್ಸ್ ಹಾಕಿದಾಗಿನದು. ಎಫ್/4 ಲೆನ್ಸ್ ಒಳಗೆ ಬಿಡುವ ಬೆಳಕು ಅದರ ಹನ್ನೊಂದನೇ ಒಂದು ಭಾಗದಷ್ಟೇ ಅಲ್ವಾ?

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತನ್ನಿ. ನೀವು ಬಳಸಲಿರುವ ಲೆನ್ಸನ್ನೇ ಹಾಕಿ, ಅಪರ್ಚರ್ ಪೂರ್ತಿ ತೆರೆಯಿರಿ. ಶಟರ್ 1/500 ಸೆಕೆಂಡ್ ಇರಲಿ. ಇಲ್ಲದಿದ್ದರೆ ಅಲುಗಾಟದ ಮಸುಕನ್ನು ಫೋಕಸ್ ತಪ್ಪು ಅಂದುಕೊಳ್ಳುತ್ತೀರಿ. ಒಬ್ಬರನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ, ನಿಮ್ಮ ಕಡೆ ನಡೆದು ಬರಲು ಹೇಳಿ. ಕನ್ನಡಕ ಹಾಕಿಸಿ, ಕೂದಲು ಮುಖದ ಮೇಲೆ ಬೀಳಲಿ. ಆಮೇಲೆ ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿ. ರೆಪ್ಪೆಗೂದಲು ಶಾರ್ಪ್ ಆಗಿದ್ದು ಕಣ್ಣುಗುಡ್ಡೆ ಮಸುಕಾಗಿದ್ದರೆ, ಕನ್ನಡಕದ ಫ್ರೇಮಿಗೆ ಫೋಕಸ್ ಕೂತಿದ್ದರೆ, ಆ ಚಿತ್ರ ಫೇಲ್ ಅಂತಲೇ ಲೆಕ್ಕ ಹಾಕಿ. ಹೀಗೆ ಎರಡು ಕ್ಯಾಮೆರಾ ಹೋಲಿಸುವಾಗ ಎರಡರಲ್ಲೂ ಸೆಟ್ಟಿಂಗ್‌ನಲ್ಲಿ ರಿಲೀಸ್ ಪ್ರಯಾರಿಟಿ ತೆಗೆದು ಫೋಕಸ್ ಪ್ರಯಾರಿಟಿ (ಫೋಕಸ್ ಕೂತ ಮೇಲಷ್ಟೇ ಚಿತ್ರ ತೆಗೆಯುವುದು) ಇಟ್ಟುಕೊಳ್ಳಿ. ಇಲ್ಲದಿದ್ದರೆ ಫೋಕಸ್ ಕೂರುವ ಮುಂಚೆಯೇ ಶಟರ್ ಬಿದ್ದುಬಿಡುತ್ತದೆ, ತಪ್ಪು ಕ್ಯಾಮೆರಾದ ಮೇಲೆ ಬರುತ್ತದೆ.