ಕ್ರೆಡಿಟ್ ಸ್ಪ್ರೆಡ್ ಹಾಕಿದರೆ ಸೇಫ್ ಅಲ್ವಾ?

ಪ್ರಶ್ನೆ: "ಐವಿ ಜಾಸ್ತಿ ಇದ್ದಾಗ ಬರೀ ಕಾಲ್ ಕೊಂಡರೆ ಕೈ ಸುಡುತ್ತೆ, ಸ್ಪ್ರೆಡ್ ಹಾಕಿ ಅಂತೀರಿ. ಸರಿ. ಆದ್ರೆ ಡೆಬಿಟ್ ಸ್ಪ್ರೆಡ್ ಯಾಕೆ? ಕ್ರೆಡಿಟ್ ಸ್ಪ್ರೆಡ್‌ನಲ್ಲಿ ದುಡ್ಡು ಮೊದಲೇ ಕೈಗೆ ಬರುತ್ತೆ, ಥೀಟಾನೂ ನಮ್ಮ ಕಡೆ ಇರುತ್ತೆ. ಅದೇ ಸೇಫ್ ಅಲ್ವಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಅದಕ್ಕೇ ಇರಬೇಕು, ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಈ ಸಲ ಅಂಕಿ ಇಟ್ಟು ಪೂರ್ತಿ ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಹಾಳೆ, ಪೆನ್ನು ತೆಗೆದುಕೊಂಡು ಓದಿ. ಹೊಸಬರಿಗೆ ಮೊದಲು ಪದಗಳ ಅರ್ಥ. ಕಾಲ್ ಎಂದರೆ ಷೇರನ್ನು ಗೊತ್ತುಮಾಡಿದ ಬೆಲೆಗೆ (ಇದೇ ಸ್ಟ್ರೈಕ್) ಕೊಳ್ಳುವ ಹಕ್ಕು, ಪುಟ್ ಎಂದರೆ ಮಾರುವ ಹಕ್ಕು. ಎರಡಕ್ಕೂ ಆಪ್ಷನ್ ಎಂದು ಹೆಸರು, ಆ ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಐವಿ (ಇಂಪ್ಲೈಡ್ ವೊಲಾಟಿಲಿಟಿ) ಎಂದರೆ ಷೇರು ಎಷ್ಟು ಏರಿಳಿಯಬಹುದು ಎಂದು ಆಪ್ಷನ್ ಬೆಲೆಯಲ್ಲೇ ಅಡಗಿರುವ ಅಂದಾಜು, ಅದು ಏರಿದರೆ ಆಪ್ಷನ್ ದುಬಾರಿ. ಥೀಟಾ ಎಂದರೆ ದಿನ ಕಳೆದಂತೆ ಆಪ್ಷನ್ ಬೆಲೆ ಸವೆಯುವುದು. ಸ್ಪ್ರೆಡ್ ಎಂದರೆ ಒಂದು ಆಪ್ಷನ್ ಕೊಂಡು ಇನ್ನೊಂದು ಸ್ಟ್ರೈಕ್‌ನದ್ದನ್ನು ಮಾರುವುದು. ಹಾಕುವಾಗ ಕೈಯಿಂದ ದುಡ್ಡು ಹೋದರೆ ಡೆಬಿಟ್, ಕೈಗೆ ಬಂದರೆ ಕ್ರೆಡಿಟ್.

ಮೊದಲು ಪ್ರಶ್ನೆಯ ಸರಿಯಾದ ಅರ್ಧ. ಷೇರು 1000ದಲ್ಲಿದೆ. ಕಂಪನಿಯ ಲಾಭ-ನಷ್ಟದ ಫಲಿತಾಂಶ ಬರುವ ಹಿಂದಿನ ದಿನ, ಐವಿ ಏರಿದೆ. 1000 ಸ್ಟ್ರೈಕ್‌ನ ಕಾಲ್ 40, 1050ರ ಕಾಲ್ 20. ಒಬ್ಬರು 1000ದ ಕಾಲ್ ಮಾತ್ರ ಕೊಂಡರು. ಇನ್ನೊಬ್ಬರು ಅದನ್ನು ಕೊಂಡು 1050ರದ್ದನ್ನು ಮಾರಿದರು, 20 ಕೊಟ್ಟರು. ಮರುದಿನ ಷೇರು 1015ಕ್ಕೆ ಏರಿತು, ಆದರೆ ಐವಿ ಸುಮಾರು ಶೇ. 40ರಷ್ಟು ಇಳಿದುಹೋಯಿತು. ಈಗ 1000ದ ಕಾಲ್ ಸುಮಾರು 32, 1050ರದ್ದು ಸುಮಾರು 10. ಬರೀ ಕಾಲ್ ಕೊಂಡವರ ಅಂದಾಜು ಸರಿಯಾಗಿಯೇ ಇತ್ತು, ಆದರೂ 8 ಹೋಯಿತು. ಸ್ಪ್ರೆಡ್ ಹಾಕಿದವರ 20 ಈಗ 22. ಕೊಂಡ ಆಪ್ಷನ್‌ನಲ್ಲಿ ಐವಿ ತಿಂದದ್ದನ್ನು ಮಾರಿದ ಆಪ್ಷನ್ ಬಹುಪಾಲು ವಾಪಸ್ ಕೊಟ್ಟಿತು. ಸ್ಪ್ರೆಡ್ ಮಾಡುವ ಕೆಲಸ ಇದು. ಇದಕ್ಕೆ ಪ್ರತಿಯಾಗಿ ಷೇರು 1200ಕ್ಕೆ ಹಾರಿದರೂ ನಿಮಗೆ 50ರ ಮೇಲೆ ಒಂದು ಪಾಯಿಂಟೂ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಒಳಗೆ ಬರಬೇಕು.

ಈಗ ಆ ಇನ್ನೊಂದು ಅರ್ಧ. ಅಲ್ಲೇ ನನ್ನ ತಕರಾರು.

ಅದೇ ಷೇರು, ಅದೇ ದಿನ, ಅದೇ ಎಕ್ಸ್‌ಪೈರಿ. 1000 ಮತ್ತು 1050ರ ಪುಟ್‌ಗಳ ಬೆಲೆ ಎಷ್ಟಿರಬೇಕು? ಇದು ಯಾರ ಊಹೆಗೂ ಬಿಟ್ಟದ್ದಲ್ಲ. ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಒಂದಕ್ಕೊಂದು ಕಟ್ಟಿಹಾಕಿಕೊಂಡಿರುತ್ತವೆ. ಪುಟ್-ಕಾಲ್ ಪ್ಯಾರಿಟಿ ಎನ್ನುವುದು ಇದನ್ನೇ. ಹಣಕಾಸು ವಿದ್ವಾಂಸ ಹ್ಯಾನ್ಸ್ ಸ್ಟಾಲ್ 1969ರಲ್ಲೇ ಇದನ್ನು ಬರೆದು ತೋರಿಸಿದರು. ಬಡ್ಡಿ, ಡಿವಿಡೆಂಡ್ ಸದ್ಯಕ್ಕೆ ಬದಿಗಿಟ್ಟರೆ ಲೆಕ್ಕ ಸುಲಭ: ಕಾಲ್ ಬೆಲೆಗೆ ಸ್ಟ್ರೈಕ್ ಕೂಡಿಸಿ, ಷೇರಿನ ಬೆಲೆ ಕಳೆಯಿರಿ, ಪುಟ್ ಬೆಲೆ ಬರುತ್ತದೆ. ಅಂದರೆ 1000ದ ಪುಟ್ 40, 1050ರ ಪುಟ್ 70. ಬೆಲೆ ಇದರಿಂದ ಸ್ವಲ್ಪ ಆಚೀಚೆ ಸರಿದರೂ ಅಪಾಯವಿಲ್ಲದ ಲಾಭಕ್ಕೆ ಕಾದು ಕೂತವರು ತಕ್ಷಣ ಎಳೆದು ಸರಿಮಾಡುತ್ತಾರೆ.

ಈಗ ನೀವು ಹೇಳಿದ ಹಾಗೆ ಕ್ರೆಡಿಟ್ ಸ್ಪ್ರೆಡ್ ಹಾಕೋಣ. 1050ರ ಪುಟ್ ಮಾರಿ 70 ತೆಗೆದುಕೊಳ್ಳಿ, 1000ದ ಪುಟ್ ಕೊಳ್ಳಲು 40 ಕೊಡಿ. ಕೈಗೆ 30 ಬಂತು. ಷೇರು 1050 ದಾಟಿ ಮುಗಿದರೆ ಆ 30 ನಿಮ್ಮದೇ. 1000ದ ಕೆಳಗೆ ಮುಗಿದರೆ 50 ಕೊಡಬೇಕು, 30 ಬಂದಿದೆ, ನಷ್ಟ 20. ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಜಾಗ 1020.

ಕಾಲ್ ಸ್ಪ್ರೆಡ್‌ಗೆ ಹೋಗಿ. ಕೊಟ್ಟದ್ದು 20. 1050 ದಾಟಿದರೆ 50 ಬರುತ್ತದೆ, ಲಾಭ 30. 1000ದ ಕೆಳಗೆ ಮುಗಿದರೆ ಕೊಟ್ಟ 20 ಹೋಯಿತು. ಸಮವಾಗುವ ಜಾಗ 1020.

ಎರಡರ ಚಿತ್ರ ಬರೆದು ಒಂದರ ಮೇಲೊಂದು ಇಡಿ. ಒಂದೇ ಗೆರೆ! ಒಂದಕ್ಕೆ ಡೆಬಿಟ್ ಎಂದು ಹೆಸರು, ಇನ್ನೊಂದಕ್ಕೆ ಕ್ರೆಡಿಟ್. ಹೆಸರು ಬಿಟ್ಟರೆ ಬೇರೆ ಏನೂ ಇಲ್ಲ.

"ಆದ್ರೂ ದುಡ್ಡು ಮೊದಲೇ ಬಂತಲ್ಲ?" ಬಂತು. ಆದರೆ ಮಾರ್ಜಿನ್ (ನಷ್ಟಕ್ಕೆ ಭದ್ರತೆಯಾಗಿ ಬ್ರೋಕರ್ ಹಿಡಿದಿಡುವ ಹಣ) ನೋಡಿ. 50ರ ಅಗಲದ ಸ್ಪ್ರೆಡ್‌ನಲ್ಲಿ ಬಂದ 30 ಕಳೆದರೆ ಉಳಿಯುವ ಅಪಾಯ 20. ಅಷ್ಟಾದರೂ ನಿಮ್ಮ ಖಾತೆಯಲ್ಲಿ ಕಟ್ಟಿಬೀಳುತ್ತದೆ, ಬಂದ 30ಅನ್ನೂ ಮುಟ್ಟುವ ಹಾಗಿಲ್ಲ. ಡೆಬಿಟ್ ಸ್ಪ್ರೆಡ್‌ನಲ್ಲಿ ನೀವು ಕೊಟ್ಟದ್ದೂ 20. ಬಡ್ಡಿಯನ್ನು ಲೆಕ್ಕಕ್ಕೆ ತಂದರೆ ಎರಡರ ಮಧ್ಯೆ ಚಿಲ್ಲರೆ ವ್ಯತ್ಯಾಸ ಬರುತ್ತದೆ. ಆದರೆ ಅದು ಬಡ್ಡಿಯ ಸಮಾನ ಲೆಕ್ಕವೇ, ಯಾರಿಗೂ ಪುಕ್ಕಟೆ ಸಿಕ್ಕಿದ್ದಲ್ಲ.

"ಥೀಟಾ ನಮ್ಮ ಕಡೆ ಅಲ್ವಾ?" ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಓದಿ. ನೀವು ಮಾರಿದ 1050ರ ಪುಟ್‌ನ 70ರಲ್ಲಿ 50 ಇಂಟ್ರಿನ್ಸಿಕ್ ವ್ಯಾಲ್ಯೂ, ಅಂದರೆ ಹಕ್ಕನ್ನು ಈಗಲೇ ಚಲಾಯಿಸಿದರೆ ಸಿಗುವುದು. ಟೈಮ್ ವ್ಯಾಲ್ಯೂ, ಅಂದರೆ ಉಳಿದ ಕಾಲಕ್ಕೆ ಕೊಡುವ ಬೆಲೆ, ಬರೀ 20. ಕೊಂಡ 1000ದ ಪುಟ್‌ನ 40 ಇದೆಯಲ್ಲ, ಅದು ಪೂರ್ತಿ ಟೈಮ್ ವ್ಯಾಲ್ಯೂ. ಅಂದರೆ ಕೈಗೆ ದುಡ್ಡು ಬಂದಿದ್ದರೂ ನೀವು 20ರಷ್ಟು ಕಾಲವನ್ನು ಮಾರಿ 40ರಷ್ಟು ಕಾಲವನ್ನು ಕೊಂಡಿದ್ದೀರಿ. ಷೇರು ಕದಲದೆ 1000ದಲ್ಲೇ ಕೂತರೆ ದಿನವೂ ಸವೆಯುವುದು ನಿಮ್ಮದೇ. ಎಕ್ಸ್‌ಪೈರಿ ದಿನವೂ ಅಲ್ಲೇ ಇದ್ದರೆ ಕ್ರೆಡಿಟ್ ಸ್ಪ್ರೆಡ್ ಹಾಕಿದವರ ಗತಿ ಪೂರ್ತಿ 20 ನಷ್ಟ. ಅದೇ ಷೇರು 1050ರ ಹತ್ತಿರ ನಿಂತಿದ್ದರೆ ಕಾಲ ನಿಮ್ಮ ಪರ, ಆಗಲೂ ಡೆಬಿಟ್ ಹಾಕಿದವರಿಗೂ ಅಷ್ಟೇ ಪರ. ಥೀಟಾ ಯಾರ ಕಡೆ ಎನ್ನುವುದನ್ನು ಷೇರು ಎರಡು ಸ್ಟ್ರೈಕ್‌ಗಳ ನಡುವೆ ಎಲ್ಲಿ ನಿಂತಿದೆ ಎನ್ನುವುದು ನಿರ್ಧರಿಸುತ್ತದೆ. ಖಾತೆಗೆ ದುಡ್ಡು ಬಂತೋ ಹೋಯಿತೋ ಅನ್ನುವುದಲ್ಲ. ಐವಿ ಬದಲಾದಾಗ ಬೆಲೆ ಎಷ್ಟು ಕದಲುತ್ತದೆ ಎಂದು ಹೇಳುವ ವೇಗಾಕ್ಕೂ ಇದೇ ಮಾತು. "ಐವಿ ಜಾಸ್ತಿ ಇದ್ರೆ ಕ್ರೆಡಿಟ್, ಕಡಿಮೆ ಇದ್ರೆ ಡೆಬಿಟ್" ಎನ್ನುವ ಸೂತ್ರ ಒಂದೇ ಸ್ಟ್ರೈಕ್‌ಗಳ ಮಟ್ಟಿಗೆ ಪೂರ್ತಿ ಅರ್ಥವಿಲ್ಲದ್ದು.

ಇನ್ನೊಂದು ವಿಷಯ ಹೇಳಿದರೆ ಇದು ಮನಸ್ಸಲ್ಲಿ ಉಳಿಯಬಹುದು. ಷಿಕಾಗೊದ ಆಪ್ಷನ್ಸ್ ಎಕ್ಸ್‌ಚೇಂಜ್ 1973ರಲ್ಲಿ ಶುರುವಾದಾಗ ಅಲ್ಲಿ ಇದ್ದದ್ದು ಕಾಲ್‌ಗಳು ಮಾತ್ರ. ಪುಟ್ ಬಂದದ್ದು 1977ರಲ್ಲಿ. ಅಲ್ಲಿಯವರೆಗೆ ಆ ಎಕ್ಸ್‌ಚೇಂಜ್‌ನಲ್ಲಿ ಷೇರು ಏರುತ್ತದೆ ಎಂದು ಸ್ಪ್ರೆಡ್ ಹಾಕುವವರಿಗೆ ಡೆಬಿಟ್ ಒಂದೇ ದಾರಿ. ಪುಟ್ ಬಂದ ಮೇಲೆ ಅದೇ ಜಾಗಕ್ಕೆ ಎರಡನೇ ದಾರಿ ಸಿಕ್ಕಿತು, ಹೊಸ ಜಾಗವೇನೂ ಸಿಗಲಿಲ್ಲ.

ಹಾಗಾದರೆ ಕ್ರೆಡಿಟ್ ಸ್ಪ್ರೆಡ್ ಹಾಕಿದವರು ಜಾಸ್ತಿ ಸಲ ಗೆಲ್ಲುವುದು ಸುಳ್ಳಾ? ಸುಳ್ಳಲ್ಲ. ಆದರೆ ಅವರು ಬೇರೆ ಸ್ಟ್ರೈಕ್‌ಗಳನ್ನು ಹಿಡಿದಿರುತ್ತಾರೆ. ಷೇರು 1000ದಲ್ಲಿದ್ದಾಗ 950ರ ಪುಟ್ 20ಕ್ಕೆ ಮಾರಿ, 900ರದ್ದನ್ನು 8ಕ್ಕೆ ಕೊಳ್ಳುತ್ತಾರೆ. ಬಂದದ್ದು 12, ಹೋಗಬಹುದಾದದ್ದು 38. ಷೇರು ಏರಲಿ, ಸುಮ್ನೆ ಇರಲಿ, ಸ್ವಲ್ಪ ಇಳಿಯಲಿ, ಗೆಲುವೇ. ನಿಜಕ್ಕೂ ಹಿತವಾಗಿರುತ್ತದೆ! ಆದರೆ ಒಂದು ಪೂರ್ತಿ ಸೋಲು ಮೂರು ಗೆಲುವನ್ನು ನುಂಗಿ ಇನ್ನೂ 2 ಕೇಳುತ್ತದೆ. ಪೂರ್ತಿ ಗೆಲುವು, ಪೂರ್ತಿ ಸೋಲು ಇವೆರಡನ್ನೇ ಹಿಡಿದರೆ, ಅಸಲು ಉಳಿಯಬೇಕಾದರೂ 100ಕ್ಕೆ 76 ಸಲ ಗೆಲ್ಲಬೇಕು. 900-950ರ ಕಾಲ್‌ಗಳಲ್ಲಿ ಡೆಬಿಟ್ ಸ್ಪ್ರೆಡ್ ಹಾಕಿ 38 ಕೊಟ್ಟರೂ ಇದೇ 12ರ ಲಾಭ, ಇದೇ ಗೆಲುವಿನ ಪ್ರಮಾಣ. ಹಾಗೆ ಹಾಕಿದವರನ್ನು ಯಾರೂ "ಪ್ರೀಮಿಯಂ (ಆಪ್ಷನ್ ಮಾರಿದ ದುಡ್ಡು) ಸಂಪಾದಿಸುತ್ತಿದ್ದಾರೆ" ಎಂದು ಹೊಗಳುವುದಿಲ್ಲ, ನೋಡಿ.

ನಿಜವಾದ ವ್ಯತ್ಯಾಸಗಳೂ ಇವೆ, ಅವು ಬೇಸರ ತರಿಸುವಷ್ಟು ಸಣ್ಣವು. ಔಟ್ ಆಫ್ ದಿ ಮನಿ (ಈಗ ಚಲಾಯಿಸಿದರೆ ಏನೂ ಸಿಗದ) ಆಪ್ಷನ್‌ಗಳಲ್ಲಿ ಸಾಮಾನ್ಯವಾಗಿ ಬಿಡ್ (ಕೊಳ್ಳುವವರು ಕೇಳುವ ಬೆಲೆ) ಮತ್ತು ಆಸ್ಕ್ (ಮಾರುವವರು ಹೇಳುವ ಬೆಲೆ) ನಡುವಿನ ಅಂತರ ಕಡಿಮೆ, ವ್ಯವಹಾರ ಜಾಸ್ತಿ. ಆದ್ದರಿಂದ ಎರಡು ಲೆಗ್‌ಗಳೂ (ಕೊಂಡ ಆಪ್ಷನ್, ಮಾರಿದ ಆಪ್ಷನ್ ಎರಡೂ) ಆ ಕಡೆ ಇರುವ ಸ್ಪ್ರೆಡ್ ಆರಿಸಿಕೊಳ್ಳಿ. 950-900ಕ್ಕೆ ಪುಟ್, 1000-1050ಕ್ಕೆ ಕಾಲ್. ಅಮೆರಿಕನ್ ಶೈಲಿಯ (ಅವಧಿಯೊಳಗೆ ಯಾವಾಗ ಬೇಕಾದರೂ ಚಲಾಯಿಸಬಹುದಾದ) ಆಪ್ಷನ್ ಆದರೆ ಡೀಪ್ ಇನ್ ದಿ ಮನಿ (ಈಗ ಚಲಾಯಿಸಿದರೆ ಬಹಳ ಸಿಗುವ) ಆಪ್ಷನ್ ಮಾರಿಕೊಂಡು ಕೂತವರ ಮೇಲೆ ಅವಧಿಗೆ ಮೊದಲೇ ಎಕ್ಸರ್ಸೈಸ್ ಬೀಳಬಹುದು, ಕಾಲ್ ಆದರೆ ಎಕ್ಸ್-ಡಿವಿಡೆಂಡ್ ದಿನದ (ಆ ದಿನದಿಂದ ಷೇರು ಕೊಂಡವರಿಗೆ ಡಿವಿಡೆಂಡ್ ಸಿಗುವುದಿಲ್ಲ) ಹಿಂದಿನ ದಿನ ವಿಶೇಷವಾಗಿ. ಇಷ್ಟೇ. ನೀವು ಡೆಬಿಟ್ ಅಥವಾ ಕ್ರೆಡಿಟ್ ಎಂದು ಆರಿಸುವುದಾದರೆ ಇವುಗಳ ಮೇಲೆ ಆರಿಸಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದರ ಪಕ್ಕದಲ್ಲೇ ಕೂತಿದೆ. "ಹೆಚ್ಚೆಂದರೆ 38 ನಷ್ಟ" ಎಂದೆನಲ್ಲ, ಅದು ಯಾವಾಗಲೂ ನಿಜವಾ? ಎಕ್ಸ್‌ಪೈರಿ ದಿನ ಷೇರು 930ರಲ್ಲಿ ಮುಗಿಯಿತು ಎನ್ನಿ. ಮಾರಿದ 950ರ ಪುಟ್ ಜೀವಂತ, ಕೊಂಡ 900ರ ಪುಟ್ ಸತ್ತಿತು. ದುಡ್ಡಿನಲ್ಲೇ ಲೆಕ್ಕ ಮುಗಿಯುವ ಆಪ್ಷನ್ ಆದರೆ 20 ಕೊಟ್ಟು, ಮೊದಲು ಬಂದ 12 ಕಳೆದು, 8 ನಷ್ಟದಲ್ಲಿ ಹೊರಬರುತ್ತೀರಿ. ಷೇರನ್ನೇ ತೆಗೆದುಕೊಳ್ಳಬೇಕಾದ ಆಪ್ಷನ್ ಆದರೆ 950 ಕೊಟ್ಟು ಷೇರು ಕೊಳ್ಳಬೇಕು. ಈಗ ನಿಮ್ಮ ಕೈಯಲ್ಲಿ ಷೇರು ಇದೆ, ಕಾಯಬೇಕಿದ್ದ ಪುಟ್ ಇಲ್ಲ. ಮಾರುಕಟ್ಟೆ ಮುಂದೆ ತೆರೆಯುವಾಗ ಷೇರು 850ಕ್ಕೆ ಕುಸಿದಿದ್ದರೆ ನಷ್ಟ 88. ಇಂಥ ಪೆಟ್ಟು ತಿಂದವರು ನನಗೆ ಬರೆಯುವಾಗ "ಸ್ಪ್ರೆಡ್ ಹಾಕಿದ್ದೆ, ಆದರೂ ಹೇಗೆ?" ಎಂದೇ ಕೇಳುತ್ತಾರೆ. ಓದುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ತಪ್ಪಿಸುವುದು ಅಷ್ಟು ಸುಲಭವಿತ್ತು. ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ಅಥವಾ ಅವುಗಳ ಹತ್ತಿರ ಸುಳಿಯುತ್ತಿದ್ದರೆ ಎಕ್ಸ್‌ಪೈರಿಯ ಕೊನೆಯ ಗಂಟೆಗೆ ಕಾಯಬೇಡಿ. ಎರಡೂ ಲೆಗ್ ಒಂದೇ ಆರ್ಡರ್‌ನಲ್ಲಿ ಮುಚ್ಚಿ. ಬೇರೆ ಬೇರೆ ಮುಚ್ಚಲೇಬೇಕಾದರೆ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಿ, ಆಮೇಲೆ ಕೊಂಡದ್ದನ್ನು ಮಾರಿ.