ನ್ಯೂಟನ್ ಹುಟ್ಟಿದ್ದು ಡಿಸೆಂಬರ್ 25ಕ್ಕೋ, ಜನವರಿ 4ಕ್ಕೋ?

ಓದುಗರ ಪ್ರಶ್ನೆ: "ಇತಿಹಾಸದಲ್ಲಿ ಈ ದಿನ ಅಂತ ಬರುವ ಪಟ್ಟಿಗಳನ್ನು ದಿನಾ ಓದುತ್ತೇನೆ. ನ್ಯೂಟನ್ ಹುಟ್ಟಿದ ದಿನ ಒಂದು ಕಡೆ 1642ರ ಡಿಸೆಂಬರ್ 25 ಅಂತಿದೆ, ಇನ್ನೊಂದು ಕಡೆ 1643ರ ಜನವರಿ 4. ವರ್ಷವೇ ಬೇರೆ! ರಷ್ಯಾದ ಅಕ್ಟೋಬರ್ ಕ್ರಾಂತಿಯಂತೂ ನವೆಂಬರ್ 7ರ ಪಟ್ಟಿಯಲ್ಲಿ ಬರುತ್ತದೆ. ಯಾರೋ ತಪ್ಪು ಬರೆದಿದ್ದಾರಾ? ಯಾವುದನ್ನು ನಂಬಬೇಕು?"

ಯಾರೂ ತಪ್ಪು ಬರೆದಿಲ್ಲ. ಎರಡೂ ಸರಿ. ಘಟನೆ ಒಂದೇ ಸಲ ನಡೆಯುತ್ತದೆ, ನಿಜ. ಆದರೆ ಅದಕ್ಕೆ ತಾರೀಖು ಅಂಟಿಸುವವರು ಮನುಷ್ಯರು. ಅವರ ಗೋಡೆಯ ಮೇಲೆ ಯಾವ ಕ್ಯಾಲೆಂಡರ್ ಇತ್ತು, ಅವರ ಗಡಿಯಾರ ಎಷ್ಟು ತೋರಿಸುತ್ತಿತ್ತು ಅನ್ನುವುದರ ಮೇಲೆ ತಾರೀಖು ಬದಲಾಗುತ್ತದೆ.

ಇದರ ತಮಾಷೆ ನೋಡಬೇಕಾದರೆ 1688ಕ್ಕೆ ಹೋಗಬೇಕು. ಆರೆಂಜ್ ಮನೆತನದ ವಿಲಿಯಂ ಇಂಗ್ಲೆಂಡಿನ ಸಿಂಹಾಸನದ ಮೇಲೆ ಕಣ್ಣಿಟ್ಟು ಹಾಲೆಂಡಿನಿಂದ ದೊಡ್ಡ ಪಡೆ ಕಟ್ಟಿಕೊಂಡು ಹೊರಟ. ಹಡಗುಗಳು ಬಂದರು ಬಿಟ್ಟದ್ದು ನವೆಂಬರ್ 11ಕ್ಕೆ. ಇಂಗ್ಲೆಂಡಿನ ದಡದಲ್ಲಿ ಅವನು ಕಾಲಿಟ್ಟದ್ದು ನವೆಂಬರ್ 5ಕ್ಕೆ. ಹೊರಡುವುದಕ್ಕೆ ಆರು ದಿನ ಮೊದಲೇ ತಲುಪಿಬಿಟ್ಟ! ಸಮುದ್ರದಲ್ಲಿ ಕಳೆದದ್ದು ನಾಲ್ಕೇ ದಿನ. ಆದರೆ ಹಾಲೆಂಡಿನಲ್ಲಿ ಹೊಸ ಕ್ಯಾಲೆಂಡರ್ ಇತ್ತು, ಇಂಗ್ಲೆಂಡಿನಲ್ಲಿ ಇನ್ನೂ ಹಳೆಯದೇ ನಡೆಯುತ್ತಿತ್ತು. ನಡುವೆ ಹತ್ತು ದಿನದ ಅಂತರ.

ಆ ಹಳೆಯದು ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ಜಾರಿಗೆ ತಂದ ಜೂಲಿಯನ್ ಕ್ಯಾಲೆಂಡರ್. ವರ್ಷಕ್ಕೆ 365 ದಿನ 6 ಗಂಟೆ ಅನ್ನುವುದು ಅದರ ಲೆಕ್ಕ. ಆ ಆರಾರು ಗಂಟೆ ಕೂಡಿಸಿ ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29. ಲೆಕ್ಕ ಚೆನ್ನಾಗಿಯೇ ಇದೆ, ಆದರೆ ಸುಮಾರು 11 ನಿಮಿಷ ಜಾಸ್ತಿ. ಹನ್ನೊಂದು ನಿಮಿಷ ಏನು ಮಹಾ ಅನ್ನಿಸುತ್ತದೆ ಅಲ್ವಾ? 128 ವರ್ಷಕ್ಕೆ ಅದೇ ಒಂದು ಇಡೀ ದಿನವಾಗುತ್ತದೆ. ಹದಿನಾರನೇ ಶತಮಾನದ ಹೊತ್ತಿಗೆ, ಮಾರ್ಚ್ 21ಕ್ಕೆ ಬರಬೇಕಿದ್ದ ಹಗಲು ರಾತ್ರಿ ಸಮವಾಗುವ ದಿನ ಮಾರ್ಚ್ 11ರ ಆಸುಪಾಸಿಗೆ ಜಾರಿತ್ತು. ಈಸ್ಟರ್ ಹಬ್ಬದ ದಿನ ಗೊತ್ತುಮಾಡುವುದು ಇದರ ಮೇಲೆಯೇ. ಹಾಗಾಗಿ ಚರ್ಚಿಗೆ ತಲೆನೋವು ಶುರುವಾಯಿತು.

ಪೋಪ್ 13ನೇ ಗ್ರೆಗರಿ 1582ರಲ್ಲಿ ಎರಡು ಕೆಲಸ ಮಾಡಿದ. ಒಂದು, ಶತಮಾನದ ಕೊನೆಯ ವರ್ಷಗಳಲ್ಲಿ 400ರಿಂದ ಭಾಗಿಸಿದಾಗ ಶೇಷ ಉಳಿಯದವುಗಳಿಗೆ ಮಾತ್ರ ಫೆಬ್ರವರಿ 29 ಕೊಟ್ಟ. ಅದಕ್ಕೇ 1600, 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. ಎರಡು, ಆಗಲೇ ಜಾರಿಹೋಗಿದ್ದ ಹತ್ತು ದಿನಗಳನ್ನು ಸೀದಾ ಕಿತ್ತುಹಾಕಿದ. ಗುರುವಾರ ಅಕ್ಟೋಬರ್ 4 ಆದ ಮೇಲೆ ಶುಕ್ರವಾರ ಅಕ್ಟೋಬರ್ 15.

ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯೇ. ಸಂಜೆ ಇದ್ದ ತಾರೀಖು 4, ಬೆಳಗಾದಾಗ ಇದ್ದದ್ದು 15. ಅವಳ ಹಬ್ಬವನ್ನು ಇವತ್ತಿಗೂ ಅಕ್ಟೋಬರ್ 15ರಂದೇ ಆಚರಿಸುತ್ತಾರೆ. ಸ್ಪೇನಿನ ಇತಿಹಾಸದಲ್ಲಿ ಆ ವರ್ಷದ ಅಕ್ಟೋಬರ್ 5ರಿಂದ 14ರವರೆಗೆ ಏನೂ ನಡೆದಿಲ್ಲ. ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ಆ ದಿನಗಳೇ ಇರಲಿಲ್ಲ.

ಎಲ್ಲರೂ ಒಟ್ಟಿಗೆ ಬದಲಾಯಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳಿದ್ದು ಪೋಪ್. ಸ್ಪೇನ್, ಪೋರ್ಚುಗಲ್, ಪೋಲೆಂಡ್, ಇಟಲಿಯ ರಾಜ್ಯಗಳು ತಕ್ಷಣ ಒಪ್ಪಿಕೊಂಡವು. ಪೋಪನ ಮಾತು ಒಪ್ಪದ ಪ್ರಾಟೆಸ್ಟೆಂಟ್ ಇಂಗ್ಲೆಂಡ್ 170 ವರ್ಷ ಹಟ ಹಿಡಿದು ಕೂತಿತು. ಅದು ಕೊನೆಗೆ ಬದಲಾಯಿಸಿದ್ದು 1752ರಲ್ಲಿ: ಬುಧವಾರ ಸೆಪ್ಟೆಂಬರ್ 2, ಮರುದಿನ ಗುರುವಾರ ಸೆಪ್ಟೆಂಬರ್ 14. ಅಷ್ಟರಲ್ಲಿ ಅಂತರ ಹನ್ನೊಂದು ದಿನಕ್ಕೆ ಬೆಳೆದಿತ್ತು. "ನಮ್ಮ ಹನ್ನೊಂದು ದಿನ ವಾಪಸ್ ಕೊಡಿ" ಅಂತ ಜನ ದಂಗೆ ಎದ್ದರು ಅನ್ನುವ ಕಥೆಯನ್ನು ನೀವೂ ಕೇಳಿರಬಹುದು. ಅದರ ಮೂಲ ಹೋಗಾರ್ತ್ ಎಂಬ ಕಲಾವಿದ 1755ರ ಸುಮಾರಿಗೆ ಬರೆದ ಚುನಾವಣೆಯ ವ್ಯಂಗ್ಯಚಿತ್ರ. ಅದರಲ್ಲಿ ನೆಲದ ಮೇಲೆ ಬಿದ್ದ ಫಲಕವೊಂದರಲ್ಲಿ ಈ ಘೋಷಣೆ ಇದೆ. ದಂಗೆ ನಡೆದದ್ದಕ್ಕೆ ಗಟ್ಟಿ ದಾಖಲೆ ಇಲ್ಲ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಈ ದಂಗೆ ಯಾವುದಾದರೂ ಪಟ್ಟಿಯಲ್ಲಿ ತಪ್ಪದೆ ನಡೆಯುತ್ತದೆ!

ಈಗ ನ್ಯೂಟನ್. ಅವನು ಹುಟ್ಟಿದಾಗ ಇಂಗ್ಲೆಂಡಿನಲ್ಲಿ ಹಳೇ ಕ್ಯಾಲೆಂಡರ್, ತಾರೀಖು ಡಿಸೆಂಬರ್ 25. ಹತ್ತು ದಿನ ಸೇರಿಸಿದರೆ ಜನವರಿ 4, ವರ್ಷ 1643. "ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ" ಅನ್ನುವ ಮಾತು ಬಹಳ ಕಡೆ ಓದುತ್ತೀರಿ. ಗೆಲಿಲಿಯೋ ತೀರಿಕೊಂಡದ್ದು ಇಟಲಿಯ ಹೊಸ ಕ್ಯಾಲೆಂಡರ್ ಪ್ರಕಾರ 1642ರ ಜನವರಿ 8. ನ್ಯೂಟನ್ನನನ್ನೂ ಅದೇ ಕ್ಯಾಲೆಂಡರಿಗೆ ತಂದರೆ ಅವನು 1643ಕ್ಕೆ ಹೋಗುತ್ತಾನೆ. ಸರಿ, ಇಬ್ಬರನ್ನೂ ಹಳೇ ಲೆಕ್ಕಕ್ಕೆ ತರೋಣ ಅಂದರೆ ಗೆಲಿಲಿಯೋ 1641ರ ಡಿಸೆಂಬರ್ 29ಕ್ಕೆ ಹಿಂದೆ ಸರಿಯುತ್ತಾನೆ. ಒಬ್ಬನಿಗೆ ಒಂದು ಕ್ಯಾಲೆಂಡರ್, ಇನ್ನೊಬ್ಬನಿಗೆ ಇನ್ನೊಂದು ಹಿಡಿದರೆ ಮಾತ್ರ ಈ ಕಾಕತಾಳೀಯ ನಿಲ್ಲುತ್ತದೆ.

ನಾನೂ ಇಂಥದ್ದರಲ್ಲಿ ಬಿದ್ದವನೇ. ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರ ಒಂದೇ ದಿನ ತೀರಿಕೊಂಡರು ಅಂತ ಒಮ್ಮೆ ಭಾವುಕನಾಗಿ ಬರೆದಿದ್ದೆ. ತಾರೀಖು ಒಂದೇ, ದಿನ ಬೇರೆ. ಇಂಗ್ಲೆಂಡಿನ ಏಪ್ರಿಲ್ 23 ಅಂದರೆ ಸ್ಪೇನಿನ ಮೇ 3. ಅದೂ ಸಾಲದು ಅಂತ, ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, 23 ಅವನನ್ನು ಮಣ್ಣು ಮಾಡಿದ ದಿನ. ಇದನ್ನು ತಿದ್ದಿ ಒಬ್ಬ ಓದುಗರು ಬರೆದ ಪತ್ರ ಓದಿ ಎರಡು ದಿನ ನನಗೆ ಬೇರೇನೂ ಬರೆಯಲಾಗಲಿಲ್ಲ.

ತಿಂಗಳು, ದಿನ ಸರಿ, ವರ್ಷವೇ ಬೇರೆ ಬರುವುದಕ್ಕೆ ಇನ್ನೂ ಒಂದು ಕಾರಣ ಇದೆ. 1752ಕ್ಕೆ ಮುಂಚೆ ಇಂಗ್ಲೆಂಡಿನ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಜನವರಿ, ಫೆಬ್ರವರಿ ಹಿಂದಿನ ವರ್ಷದ ಬಾಲ. ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದ ಜನವರಿ 30, ಆಗಿನವರಿಗೆ 1648. ನಮ್ಮ ಪುಸ್ತಕಗಳಲ್ಲಿ 1649. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ 1731ರ ಫೆಬ್ರವರಿ 11. ಇಪ್ಪತ್ತು ವರ್ಷ ಕಳೆದ ಮೇಲೆ ಅದು 1732ರ ಫೆಬ್ರವರಿ 22 ಆಯಿತು. ಹಳೇ ಕಾಗದಗಳಲ್ಲಿ ವರ್ಷವನ್ನು ಓರೆಗೆರೆ ಹಾಕಿ 1648/49 ಅಂತ ಬರೆದಿದ್ದರೆ ಅದು ಅನುಮಾನ ಅಲ್ಲ, ಎರಡೂ ಲೆಕ್ಕ ಕೊಟ್ಟಿದ್ದಾರೆ ಅಂತ ಅರ್ಥ.

ರಷ್ಯಾದ ಕಥೆಯೂ ಇದೇ, ಸ್ವಲ್ಪ ತಡವಾಗಿ. 1917ರಲ್ಲಿ ಲೆನಿನ್ನನ ಬೊಲ್ಶೆವಿಕರು ಅಧಿಕಾರ ಹಿಡಿದಾಗ ರಾಜಧಾನಿ ಪೆಟ್ರೋಗ್ರಾಡಿನಲ್ಲಿ ಅಕ್ಟೋಬರ್ 25, ಪ್ಯಾರಿಸ್ಸಿನಲ್ಲಿ ನವೆಂಬರ್ 7. ಅಷ್ಟೊತ್ತಿಗೆ ಅಂತರ ಹದಿಮೂರು ದಿನ ಆಗಿತ್ತು. ಅದೇ ವರ್ಷದ ಫೆಬ್ರವರಿ ಕ್ರಾಂತಿ ಶುರುವಾದದ್ದು ರಷ್ಯಾದ ಫೆಬ್ರವರಿ 23ಕ್ಕೆ. ಹೊಸ ಲೆಕ್ಕದಲ್ಲಿ ಅದು ಮಾರ್ಚ್ 8, ಮಹಿಳಾ ದಿನ. ಅಧಿಕಾರಕ್ಕೆ ಬಂದವರು 1918ರ ಜನವರಿ 31ರ ಮರುದಿನವನ್ನು ಫೆಬ್ರವರಿ 14 ಮಾಡಿದರು. ಕ್ರಾಂತಿಯ ಹೆಸರು ಅಕ್ಟೋಬರಿನಲ್ಲೇ ಉಳಿಯಿತು, ಅದರ ವಾರ್ಷಿಕೋತ್ಸವ ನವೆಂಬರಿಗೆ ಹೋಯಿತು. ಗ್ರೀಸ್ ಬದಲಾಯಿಸಿದ್ದು 1923ರಲ್ಲಿ. ಸ್ವೀಡನ್ ನಿಧಾನವಾಗಿ ಬದಲಾಯಿಸುತ್ತೇವೆ ಅಂತ ಹೊರಟು, ನಡುವೆ ಲೆಕ್ಕ ತಪ್ಪಿ, ಹಳೆಯದಕ್ಕೇ ವಾಪಸ್ ಬರಲು 1712ರಲ್ಲಿ ಫೆಬ್ರವರಿ 30 ಅಂತ ಒಂದು ದಿನವನ್ನೇ ಇಟ್ಟಿತು!

ಕ್ಯಾಲೆಂಡರ್ ಒಂದೇ ಆದ ಮೇಲೂ ಗೊಂದಲ ಮುಗಿಯಲಿಲ್ಲ. ಭೂಮಿ ದುಂಡಗಿದೆಯಲ್ಲ. 1522ರ ಜುಲೈನಲ್ಲಿ ಮೆಗಲ್ಲನ್ನನ ತಂಡದ ಉಳಿದ ಒಂದೇ ಹಡಗು ವಿಕ್ಟೋರಿಯಾ, ಜಗತ್ತು ಸುತ್ತಿ ಬರುತ್ತಾ ಕೇಪ್ ವರ್ಡ್ ದ್ವೀಪದ ಹತ್ತಿರ ನಿಂತಿತು. ಮೆಗಲ್ಲನ್ ಹಿಂದಿನ ವರ್ಷವೇ ಫಿಲಿಪ್ಪೀನ್ಸಿನಲ್ಲಿ ಸತ್ತಿದ್ದ. ಅಕ್ಕಿ ತರಲು ದಡಕ್ಕೆ ಹೋದವರು ಇವತ್ತು ಯಾವ ವಾರ ಅಂತ ವಿಚಾರಿಸಿದರು. ಗುರುವಾರ ಅಂತ ಉತ್ತರ ಬಂತು. ಹಡಗಿನ ಲೆಕ್ಕದಲ್ಲಿ ಅಂದು ಬುಧವಾರ. ದಿನಚರಿ ಬರೆಯುತ್ತಿದ್ದ ಪಿಗಫೆಟ್ಟಾಗೆ ತಲೆ ಕೆಟ್ಟಿತು. ಒಂದು ದಿನವೂ ತಪ್ಪಿಸದೆ ಬರೆದಿದ್ದೇನೆ, ದಿನ ಎಲ್ಲಿ ಹೋಯಿತು? ಸೂರ್ಯನ ಜೊತೆ ಪಶ್ಚಿಮಕ್ಕೇ ಸಾಗಿದ್ದರಿಂದ ಅವರಿಗೆ ಒಂದು ಬೆಳಗು ಕಮ್ಮಿಯಾಗಿತ್ತು, ಅಷ್ಟೆ. ಅವನಿಗೂ ಅದು ಆಮೇಲೆ ಹೊಳೆಯಿತು.

ದಿನರೇಖೆಯ, ಅಂದರೆ ದಾಟಿದರೆ ತಾರೀಖು ಬದಲಾಗುವ ಗೆರೆಯ, ಆಚೆ ಈಚೆ ಈಗಲೂ ಇದೇ ಆಟ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದದ್ದು ಅಮೆರಿಕದವರಿಗೆ 1941ರ ಡಿಸೆಂಬರ್ 7ರ ಬೆಳಿಗ್ಗೆ. ಜಪಾನಿನವರಿಗೆ ಡಿಸೆಂಬರ್ 8ರ ನಸುಕು. ಯುರೋಪಿನಲ್ಲಿ ಎರಡನೇ ಮಹಾಯುದ್ಧ ನಿಂತದ್ದು 1945ರ ಮೇ 8ರ ರಾತ್ರಿ ಹನ್ನೊಂದು ದಾಟಿದ ಮೇಲೆ. ಮಾಸ್ಕೋದಲ್ಲಿ ಆಗಲೇ ಮಧ್ಯರಾತ್ರಿ ಕಳೆದಿತ್ತು. ಅದಕ್ಕೇ ಪಶ್ಚಿಮದವರ ವಿಜಯ ದಿನ 8, ರಷ್ಯಾದವರದು 9. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ನ್ಯೂಯಾರ್ಕಿನಲ್ಲಿ 1969ರ ಜುಲೈ 20ರ ರಾತ್ರಿ 10.56, ಲಂಡನ್ನಿನಲ್ಲಿ ಜುಲೈ 21ರ ಬೆಳಗಿನ ಜಾವ. ಕ್ಯಾಲೆಂಡರೂ ದಿನರೇಖೆಯೂ ಒಟ್ಟಿಗೆ ಕೈಕೊಟ್ಟದ್ದು ಅಲಾಸ್ಕದಲ್ಲಿ. 1867ರಲ್ಲಿ ರಷ್ಯಾ ಅದನ್ನು ಅಮೆರಿಕಕ್ಕೆ ಮಾರಿದಾಗ ಹನ್ನೆರಡು ದಿನ ಮುಂದೆ ಹಾರಿ, ಒಂದು ದಿನ ಹಿಂದೆ ಬರಬೇಕಾಯಿತು. ಶುಕ್ರವಾರ ಅಕ್ಟೋಬರ್ 6 ಕಳೆದು ಎದ್ದರೆ ಮತ್ತೆ ಶುಕ್ರವಾರ, ತಾರೀಖು 18.

ಇನ್ನು ಕೆಲವು ಸಲ ಕ್ಯಾಲೆಂಡರಿನದೂ ತಪ್ಪಿಲ್ಲ, ಗಡಿಯಾರದ್ದೂ ಇಲ್ಲ. ಘಟನೆಯೇ ಉದ್ದ. ಯಾವ ಗಳಿಗೆಯನ್ನು ಹಿಡಿಯುವುದು ಅನ್ನುವುದೇ ತಕರಾರು. ಅಮೆರಿಕ ಸ್ವತಂತ್ರ ಅಂತ ಅಲ್ಲಿನ ಕಾಂಗ್ರೆಸ್ ಮತ ಹಾಕಿದ್ದು 1776ರ ಜುಲೈ 2ಕ್ಕೆ. ಘೋಷಣೆಯ ಬರಹ ಒಪ್ಪಿದ್ದು 4ಕ್ಕೆ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಆ ಕಾಂಗ್ರೆಸ್ಸಿನಲ್ಲಿದ್ದ ಜಾನ್ ಆಡಮ್ಸ್, ಮತ ಹಾಕಿದ ಮರುದಿನ ಜುಲೈ 3ಕ್ಕೆ ಹೆಂಡತಿಗೆ ಬರೆದ ಪತ್ರದಲ್ಲಿ ಮುಂದಿನ ತಲೆಮಾರುಗಳು ಜುಲೈ 2ನ್ನು ದೊಡ್ಡ ಹಬ್ಬ ಮಾಡುತ್ತವೆ ಅಂತ ಖಚಿತವಾಗಿ ಹೇಳಿದ್ದ. ಆದರೆ ಅಚ್ಚಾದ ಘೋಷಣೆಯ ತಲೆಯ ಮೇಲೆ ಜುಲೈ 4 ಅಂತಿತ್ತು, ಜನ ಅದನ್ನೇ ಹಿಡಿದರು. ಆಡಮ್ಸ್ ಸತ್ತದ್ದೂ ಜುಲೈ 4ಕ್ಕೇ, ಸರಿಯಾಗಿ ಐವತ್ತು ವರ್ಷದ ಮೇಲೆ. ಅದೇ ದಿನ ಘೋಷಣೆಯ ಕರಡು ಬರೆದ ಜೆಫರ್ಸನ್ ಕೂಡ. ಈ ಕಾಕತಾಳೀಯ ಮಾತ್ರ ಅಪ್ಪಟ ನಿಜ. ಇಬ್ಬರಿಗೂ ಒಂದೇ ಕ್ಯಾಲೆಂಡರ್.

ಹಾಗಾದರೆ ಬರೆದಿಟ್ಟುಕೊಳ್ಳುವುದು ಹೇಗೆ? 1582ಕ್ಕೆ ಹಿಂದಿನದನ್ನು ಸುಮ್ನೆ ಹಾಗೇ ಬಿಡಿ. ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು 1453ರ ಮೇ 29. ಅದನ್ನು ಯಾರೂ ಹೊಸ ಲೆಕ್ಕಕ್ಕೆ ತಿರುಗಿಸುವುದಿಲ್ಲ. ಕೊಲಂಬಸ್ ದಡ ಕಂಡ 1492ರ ಅಕ್ಟೋಬರ್ 12ನ್ನು ಅಮೆರಿಕದ ಅಧ್ಯಕ್ಷ ಹ್ಯಾರಿಸನ್ ಒಮ್ಮೆ ತಿರುಗಿಸಿ, ನಾನೂರನೇ ವರ್ಷದ ಆಚರಣೆಯನ್ನು 1892ರ ಅಕ್ಟೋಬರ್ 21ಕ್ಕೆ ಇಟ್ಟಿದ್ದ. ಅದು ನಿಲ್ಲಲಿಲ್ಲ, ಜನ 12ಕ್ಕೇ ವಾಪಸ್ ಬಂದರು. 1582ರ ನಂತರದ್ದಾದರೆ, ಘಟನೆ ನಡೆದ ದೇಶ ಆಗ ಯಾವ ಕ್ಯಾಲೆಂಡರಿನಲ್ಲಿತ್ತು ಅಂತ ನೋಡಿ. ಹಳೆಯದರಲ್ಲಿದ್ದರೆ ಹೊಸದಕ್ಕೆ ತರಲು 1700ರ ಫೆಬ್ರವರಿವರೆಗೆ 10 ದಿನ, 1800ರ ಫೆಬ್ರವರಿವರೆಗೆ 11, 1900ರ ಫೆಬ್ರವರಿವರೆಗೆ 12, ಆಮೇಲೆ 13 ಸೇರಿಸಿ. ಎರಡು ತಾರೀಖುಗಳ ನಡುವೆ ಸರಿಯಾಗಿ ಇಷ್ಟೇ ಅಂತರ ಇದ್ದರೆ ಇಬ್ಬರೂ ಸರಿ ಬರೆದಿದ್ದಾರೆ. ಒಂದೇ ದಿನದ ಅಂತರ ಇದ್ದರೆ ಗಡಿಯಾರದ ಮೇಲೆ ಅನುಮಾನಪಡಿ. ಬೇರೆ ಯಾವುದೋ ಅಂತರ ಇದ್ದು, ಮಾರ್ಚ್ 25ರ ಹೊಸ ವರ್ಷವೂ ಕಾರಣ ಅಲ್ಲ, ಘಟನೆ ಉದ್ದದ್ದೂ ಅಲ್ಲ ಅಂತಾದರೆ ಆಗ ಯಾರೋ ತಪ್ಪಿದ್ದಾರೆ ಅನ್ನಬಹುದು.

ನ್ಯೂಟನ್ನನಿಗೆ ನಾನು ಡಿಸೆಂಬರ್ 25 ಅಂತಲೇ ಬರೆದು, ಪಕ್ಕದಲ್ಲಿ "ಹಳೇ ಲೆಕ್ಕ" ಅಂತ ಸೇರಿಸುತ್ತೇನೆ. ಅವನು ಹುಟ್ಟಿದ ಊರಿನಲ್ಲಿ ಅಂದು ಕ್ರಿಸ್‌ಮಸ್. ರೋಮಿನಲ್ಲಿ ಕ್ರಿಸ್‌ಮಸ್ ಮುಗಿದು ಹತ್ತು ದಿನ ಆಗಿತ್ತು. ಕ್ಯಾಲೆಂಡರ್ ಬದಲಾಯಿಸಿದವರು ತಾರೀಖನ್ನು ಹಾರಿಸಿದರೇ ಹೊರತು ವಾರವನ್ನು ಮುಟ್ಟಲಿಲ್ಲ. ಹಾಗಾಗಿ ಅವನು ಯಾವ ವಾರ ಹುಟ್ಟಿದ ಅಂತ ಕೇಳಿದರೆ ಜಗಳವೇ ಇಲ್ಲ. ಎರಡೂ ಕಡೆ ಭಾನುವಾರ.