ಕಂದು ಕೆಸ್ಟ್ರೆಲ್ ಕಂಡರೆ ಉಗುರು ನೋಡಿ

ಕಾಮನ್ ಕೆಸ್ಟ್ರೆಲ್, ಲೆಸ್ಸರ್ ಕೆಸ್ಟ್ರೆಲ್ ಎರಡೂ ಪುಟ್ಟ ಚಾಣಗಳು, ಅಂದರೆ ಬೇಟೆಹಕ್ಕಿಗಳು. ಮೊದಲನೆಯದು 31ರಿಂದ 37 ಸೆಂ.ಮೀ. ಉದ್ದ, ಎರಡನೆಯದು 27ರಿಂದ 33. ಅಳತೆಗಳು ಒಂದರೊಳಗೊಂದು ಸೇರಿಕೊಳ್ಳುವುದರಿಂದ ಗಾತ್ರ ನೋಡಿ ಹೆಸರು ಹೇಳುವಂತಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ ಗಂಡಿನ ಗುರುತುಗಳನ್ನು ಕಂದು ಬಣ್ಣದ ಹೆಣ್ಣಿನಲ್ಲಿ, ಎಳೆ ಹಕ್ಕಿಯಲ್ಲಿ ಹುಡುಕುವುದು. ಮೊದಲು ಲಿಂಗ, ವಯಸ್ಸು ತೀರ್ಮಾನವಾಗಲಿ, ಪ್ರಭೇದ ಆಮೇಲೆ.

ಬೆಳೆದ ಗಂಡು ಸುಲಭ. ಎರಡರಲ್ಲೂ ತಲೆ ಬೂದು, ಬಾಲ ಬೂದು, ಬಾಲದ ತುದಿಯ ಹತ್ತಿರ ಅಗಲವಾದ ಕಪ್ಪು ಪಟ್ಟಿ. ಕಾಮನ್‌ನ ಇಟ್ಟಿಗೆಗೆಂಪು ಬೆನ್ನಿನ ತುಂಬ ಕಪ್ಪು ಚುಕ್ಕೆ, ಕಣ್ಣಿನ ಕೆಳಗೆ ಮೀಸೆಯಂಥ ಗೆರೆ. ಲೆಸ್ಸರ್‌ಗೆ ಚುಕ್ಕೆಯೂ ಇಲ್ಲ, ಮೀಸೆಯೂ ಇಲ್ಲ. ರೆಕ್ಕೆಯ ಮೇಲೆ ಕೆಂಪಿಗೂ ಕಪ್ಪಿಗೂ ನಡುವೆ ನೀಲಿಬೂದು ಪಟ್ಟಿ ಇರುತ್ತದೆ. ಆದರೆ ಒಂದು ವರ್ಷದ ಗಂಡು ಲೆಸ್ಸರ್‌ನಲ್ಲಿ ಆ ಪಟ್ಟಿ ಇನ್ನೂ ಮೂಡಿರುವುದಿಲ್ಲ. ಅಡ್ಡಗೆರೆಗಳಿರುವ ಹಳೆಯ ಗರಿಗಳೇ ರೆಕ್ಕೆಯಲ್ಲಿ ಉಳಿದಿರುತ್ತವೆ. ಪಟ್ಟಿ ಕಾಣಲಿಲ್ಲವೆಂದು ಅದನ್ನು ಕಾಮನ್ ಎಂದು ಬರೆದವರು ಬಹಳ ಮಂದಿ.

ಹೆಣ್ಣುಗಳಲ್ಲಿ ಬೆನ್ನು, ಬಾಲ ಎರಡಕ್ಕೂ ಕಪ್ಪು ಅಡ್ಡಗೆರೆ. ಕಾಮನ್ ಹೆಣ್ಣಿನ ಬಾಲಕ್ಕೂ ಬೂದು ಛಾಯೆ ಇರಬಹುದು, ಹಾಗಾಗಿ ಬೂದು ಕಂಡೊಡನೆ ಗಂಡು ಎನ್ನಬೇಡಿ, ಗೆರೆ ನೋಡಿ.

ಇಲ್ಲಿ ನೆಚ್ಚಬಹುದಾದ ಗುರುತು ಉಗುರು. ಕಾಮನ್‌ಗೆ ಕಪ್ಪು, ಲೆಸ್ಸರ್‌ಗೆ ಬಿಳಿಚು. ಗಂಡು, ಹೆಣ್ಣು, ಮರಿ ಎಲ್ಲಕ್ಕೂ ಇದು ಸಲ್ಲುತ್ತದೆ. ಆದರೆ ನೇರ ಬಿಸಿಲಿನಲ್ಲಿ ಹೊಳೆಯುವ ಕಪ್ಪು ಉಗುರು ಫೋಟೊದಲ್ಲಿ ಬೆಳ್ಳಗೆ ಬರುತ್ತದೆ, ಒಣಗಿದ ಕೆಸರೂ ಹಾಗೇ ಮೋಸ ಮಾಡುತ್ತದೆ. ಅದೇ ಫೋಟೊದಲ್ಲಿ ಕೊಕ್ಕಿನ ಕಪ್ಪು ತುದಿಯನ್ನು ನೋಡಿ: ಅದೂ ಬಿಳಿಚಿಕೊಂಡಿದ್ದರೆ ಬೆಳಕು ಹೆಚ್ಚಾಗಿದೆ, ಆ ಉಗುರನ್ನು ನಂಬಬೇಡಿ. ಕ್ಯಾಮೆರಾದ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕಿಳಿಸಿ, ಮತ್ತೆ ತೆಗೆಯಿರಿ.

ಕಾಲು ಗರಿಯೊಳಗೆ ಮುಚ್ಚಿಕೊಂಡಿದ್ದರೆ ಮುಖಕ್ಕೆ ಬನ್ನಿ. ಕಾಮನ್ ಹೆಣ್ಣಿನ ಕಣ್ಣಿನ ಹಿಂದೆ ಕಪ್ಪುಗೆರೆ ಸಾಮಾನ್ಯವಾಗಿ ಎದ್ದು ಕಾಣುತ್ತದೆ. ಲೆಸ್ಸರ್‌ನ ಕೆನ್ನೆ ತಿಳಿ, ಖಾಲಿ. ಕೂತಾಗ ಲೆಸ್ಸರ್‌ನ ರೆಕ್ಕೆತುದಿ ಬಾಲದ ಕಪ್ಪು ಪಟ್ಟಿಯವರೆಗೂ ಹೋಗುತ್ತದೆ, ಕಾಮನ್‌ನದು ಅದಕ್ಕಿಂತ ಹಿಂದೆಯೇ ನಿಲ್ಲುತ್ತದೆ. ಗರಿ ಉದುರಿ ಹೊಸದು ಬರುತ್ತಿರುವ ಹಕ್ಕಿಯಲ್ಲಿ ಈ ಅಳತೆ ಕೆಲಸಕ್ಕೆ ಬಾರದು. ಉಗುರೂ ಕೆನ್ನೆಯೂ ಸ್ಪಷ್ಟವಾಗದ ಕಂದು ಹಕ್ಕಿಯನ್ನು ದಾಖಲೆಯಲ್ಲಿ ಕೆಸ್ಟ್ರೆಲ್ ಎಂದಷ್ಟೇ ನಮೂದಿಸಿ.